ಗಿಣ್ಣ ಮಾಡೋಕೆ ಮುಂಚೆ
ಹಾಸನದ ಕಡೆ ಹಸು ಕರು ಹಾಕ್ತು ಅಂದ್ರೆ ಮೊದಲ ಮಾತು ಗಿಣ್ಣದ್ದೇ. ಬೆಲ್ಲ, ಏಲಕ್ಕಿ ಸ್ವಲ್ಪ ಕಾಯಲಿ. ಮನುಷ್ಯರಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಪ್ರತಿಕಾಯಗಳು ಮಾಸಿನ ಮೂಲಕ ಅದಕ್ಕೆ ಹೋಗುತ್ತವೆ. ಹಸುವಿನ ಮಾಸು ಅವನ್ನು ದಾಟಿಸಲ್ಲ, ಕರುವಿಗೆ ಗಿಣ್ಣುಹಾಲೇ ಗತಿ. ಅದರಲ್ಲಿರುವ ಪ್ರತಿಕಾಯಗಳನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಬಿಡುವ ಶಕ್ತಿ ಕರುಳಿಗೆ ಮೊದಲ ಆರು ಗಂಟೆ ಚೆನ್ನಾಗಿರುತ್ತದೆ, 24 ಗಂಟೆಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಬರೀ ಆಹಾರ. 25 ಕೆಜಿ ಕರುವಿಗೆ ಎರಡೂವರೆ ಲೀಟರ್ ಬೇಕು, ಅರ್ಧದಷ್ಟಾದರೂ ಮೊದಲೆರಡು ಗಂಟೆಯಲ್ಲಿ. ಮಾಸು ಬೀಳಲಿ ಅಂತ ಕಾಯೋದು ದೊಡ್ಡ ತಪ್ಪು. ಕೆಲವೊಮ್ಮೆ ಅದು ಬೀಳೋದೇ ಎಂಟು ಗಂಟೆ ಆದಮೇಲೆ. ಸಕಲೇಶಪುರದ ಮಳೆಗಾಲದ ಕೊಟ್ಟಿಗೆಯಲ್ಲಂತೂ ಭೇದಿ ಹೊಂಚು ಹಾಕಿ ಕೂತಿರುತ್ತೆ. ಕರು ಕುಡಿದು ಮಿಕ್ಕಿದ್ದು ನಮ್ಮ ಪಾತ್ರೆಗೆ.