ಕೋನಮಾಪಕದಿಂದ ಧ್ರುವ ನಕ್ಷತ್ರದ ಎತ್ತರ ಅಳೆಯೋದು: ಕೊಪ್ಪಳದಾಗ ಮೂರನೇ ವಾರ

ಕಂಪಾಸ್ ಬಾಕ್ಸಿನ ಕೋನಮಾಪಕದಾಗ ನಮ್ಮೂರ ಅಕ್ಷಾಂಶ ಹಿಡೀಬೇಕಂತ ಕುಂತಿದ್ನಲ್ರಿ, ಈ ವಾರ ಕೆಲಸ ದಾರಿಗೆ ಬಂತು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮ್ಯಾಲೆ ಕಾಣ್ತೈತೋ ಹೆಚ್ಚುಕಮ್ಮಿ ಅಷ್ಟೇ ನಾವು ನಿಂತ ಜಾಗದ ಅಕ್ಷಾಂಶ, ಮುಕ್ಕಾಲು ಡಿಗ್ರಿಯೊಳಗ ಫರಕ್ ಇರ್ತೈತಿ ಅಷ್ಟ. ಕೊಪ್ಪಳದ್ದು ಸುಮಾರು 15.35.

ಆದ್ರ ಹೋದ ವಾರ ಎಷ್ಟು ಸಲ ನೋಡಿದ್ರೂ 16.5, 17, ಮತ್ತ 16.5. ಮೊದ್ಲು ಕೈ ನಡುಗ್ತೈತಿ ಅನ್ಕೊಂಡೆ, ಹಂಗಿದ್ರ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಬರಬೇಕಿತ್ತು, ಇದು ಬರೇ ಹೆಚ್ಚೇ ಬರಾಕತ್ತಿತ್ತು. ಹಗಲೊತ್ತು ಮುಂದ ಇಟ್ಕೊಂಡು ನೋಡಿದಾಗ ತಿಳೀತು. ಕೋನಮಾಪಕದ ನೆಟ್ಟನೆ ಅಂಚು ಮ್ಯಾಲೆ ಮಾಡಿ ನಕ್ಷತ್ರಕ್ಕ ಗುರಿ ಹಿಡಿದ್ರ, ತೂಕಕ್ಕ ಸೈಕಲ್ ನಟ್ಟು ಕಟ್ಟಿ ಜೋತುಬಿಟ್ಟ ದಾರ ಯಾವ ಗೆರಿ ಮ್ಯಾಲೆ ನಿಲ್ತೈತೋ ಅದನ್ನ ಓದೋದು. ಆ ದಾರಾನ ನಾನು ಪ್ಲಾಸ್ಟಿಕ್ಕಿನ ಅಂಚಿಗೆ ಸಿಗಿಸಿದ್ದೆ, ಡಿಗ್ರಿ ಗೆರಿ ಎಲ್ಲಾ ಕೂಡೋ ಬಿಂದು ಇರೋದು ಅಂಚಿಗಲ್ಲ, 0-180ರ ಗೆರಿ ಮ್ಯಾಲೆ, ಅಂಚಿನಿಂದ 5 ಮಿಲಿಮೀಟರ್ ಒಳಗ. 5 ಸೆಂಟಿಮೀಟರ್ ತ್ರಿಜ್ಯದ ಕೋನಮಾಪಕಕ್ಕ 15 ಡಿಗ್ರಿ ಹತ್ರ ಅಷ್ಟ ಸಾಕು, ಒಂದೂವರೆ ಡಿಗ್ರಿ ಹೋತು! ಮಟ್ಟಾಗಿ ಹಿಡಿದ್ರ ದಾರ ಸರಿಯಾಗಿ 90ರ ಮ್ಯಾಲೇ ನಿಲ್ತಿತ್ತು, ಅದಕ್ಕ ನನಗ ಅನುಮಾನ ಬರಲಿಲ್ಲ, ಓರೆ ಮಾಡಿದ್ರ ಮಾತ್ರ ತಪ್ಪು ಹೊರಗ ಬೀಳ್ತೈತಿ.

ಈಗ ಸಣ್ಣದು ಬಿಟ್ಟು ನಮ್ಮ ಪರಿಚಯದ ಮಾಸ್ತರ್ ಹತ್ರ ಬೋರ್ಡಿನ ಮ್ಯಾಲೆ ಇಡೋ ಕಟ್ಟಿಗೀ ಕೋನಮಾಪಕ ಇಸ್ಕೊಂಡು ಬಂದೀನಿ. ಇದರ ತ್ರಿಜ್ಯ 20 ಸೆಂಟಿಮೀಟರ್, ಒಂದು ಡಿಗ್ರಿಗೆ ಮೂರೂವರೆ ಮಿಲಿಮೀಟರ್ ಜಾಗ ಸಿಗ್ತೈತಿ, ಸಣ್ಣದ್ರಾಗ ಒಂದು ಮಿಲಿಮೀಟರೂ ಇರಲಿಲ್ಲ. ಬಿಂದುವಿನಾಗ ಸಣ್ಣ ತೂತು, ಕರಿ ಹೊಲಿಗಿ ದಾರ, ಮ್ಯಾಲೆ ಅಂಚಿಗೆ ಸ್ಟ್ರಾ.

ನಿನ್ನೆ ರಾತ್ರಿ ಮಾಳಿಗಿ ಮ್ಯಾಲೆ ನೋಡಿದ್ವಿ. ಸಪ್ತರ್ಷಿ ಮಂಡಲದ ಪುಲಹದಿಂದ ಕ್ರತುವಿಗೆ ಗೆರಿ ಎಳದು ಅದರ ಐದರಷ್ಟು ಮುಂದ ಹೋದ್ರ ಧ್ರುವ, ಕೆಳಗೈತಿ, ಊರ ಬೆಳಕಿನಾಗ ಮಬ್ಬು. ನಾನು ಸ್ಟ್ರಾದಾಗ ಕಣ್ಣಿಟ್ಟೆ, ಅಕ್ಕನ ಮಗ ಪಕ್ಕದಾಗ ಕುಂತು "ಮಾಮಾ ತಡಿ, ಇನ್ನೂ ತೂಗಾಡಾಕತ್ತೈತಿ" ಅಂದ, ದಾರ ನಿಂತ ಮ್ಯಾಲೆ ಬೆರಳಿಂದ ಒತ್ತಿ ಹಿಡದ, ಆಮ್ಯಾಲೆ ಟಾರ್ಚ್ ಹಾಕಿ ಓದಿದ್ವಿ. 75. ಮಟ್ಟಾಗಿ ಹಿಡಿದ್ರ 90 ತೋರಿಸ್ತೈತಲ್ಲ, ಅಂದ್ರ 90ರಾಗ 75 ಕಳದು 15. ಆಮೇಲಿನವು 14.5, 15.5, 15, 15. ಖುಷಿಗೆ ರಾತ್ರಿ ನಿದ್ದಿ ಬರಲಿಲ್ರಿ!

ಮುಂದಿನ ವಾರ ಮದುವಿಗೆ ಬೀದರ್‌ಗೆ ಹೊಂಟೀವಿ, ಅಲ್ಲಿ ಸುಮಾರು 17.9 ಇರಬೇಕು. ಕೋನಮಾಪಕ ಬಟ್ಟಿ ನಡುವ ಸುತ್ತಿ ಇಟ್ಟೀನಿ.