ಮಸ್ ಕುಲ: ಒಂದು ಹಲ್ಲಿನ ಮೇಲೆ ನಿಂತ ವಂಶಾವಳಿ

1758ರಲ್ಲಿ ಲಿನಿಯಸ್ ‘ಮಸ್’ ಎಂದು ಹೆಸರಿಟ್ಟಾಗ ಆ ಕುಲದೊಳಗೆ ಗಿನಿಪಿಗ್, ಹ್ಯಾಮ್‌ಸ್ಟರ್, ಲೆಮಿಂಗ್, ಮಾರ್ಮಟ್ ಎಲ್ಲವೂ ಇದ್ದವು. ಒಂದೊಂದನ್ನೇ ಹೊರಗೆ ಹಾಕುತ್ತ ಬಂದು ಈಗ ಉಳಿದಿರುವುದು ಸುಮಾರು 40 ಪ್ರಭೇದಗಳ ಪುಟ್ಟ ಇಲಿಗಳು. ಉಪಕುಲಗಳು ನಾಲ್ಕು: ಮನೆಯಿಲಿಯೂ ನಮ್ಮ ಹೊಲಗಳ ಮಸ್ ಬೂಡುಗವೂ ಸೇರುವ ಮಸ್, ಆಫ್ರಿಕಾದ ನ್ಯಾನೊಮಿಸ್, ಆಗ್ನೇಯ ಏಷ್ಯಾ ಮತ್ತು ಶ್ರೀಲಂಕಾ ಕಡೆಯ ಸೀಲೊಮಿಸ್, ಮುಳ್ಳುಗೂದಲಿನ ಪೈರೊಮಿಸ್. ಕಲ್ಲುನೆಲದಲ್ಲಿ ಸಿಗುವ ಮಸ್ ಪ್ಲಾಟಿಥ್ರಿಕ್ಸ್ ಮತ್ತು ಪ್ರಕೃತಿತಜ್ಞ ವಾಲ್ಟರ್ ಎಲಿಯಟ್ 1839ರಲ್ಲಿ ಹೆಸರಿಸಿದ ಮಸ್ ಸ್ಯಾಕ್ಸಿಕೋಲ ಈ ಕೊನೆಯದಕ್ಕೆ ಸೇರಿದವು.

ಮುಳ್ಳುಗೂದಲು ಕಂಡ ಕೂಡಲೇ ಪೈರೊಮಿಸ್ ಎಂದು ಬರೆದುಬಿಡಬಾರದು. ಸೀಲೊಮಿಸ್‌ನ ಮಸ್ ಪಹಾರಿಗೂ ಮುಳ್ಳುಗೂದಲಿದೆ. ಕ್ರೋಮೊಸೋಮ್ ಎಣಿಸಿದರೆ ಗೊಂದಲ ಬೇಗ ತೀರುತ್ತದೆ: ಮನೆಯಿಲಿಗೆ 40, ಪ್ಲಾಟಿಥ್ರಿಕ್ಸ್‌ಗೆ 26, ಪಹಾರಿಗೆ 48. ನೀಲಗಿರಿಯ ಮಸ್ ಫಾಮ್ಯುಲಸ್ ಬಹುಕಾಲ ಸೀಲೊಮಿಸ್ ಪಟ್ಟಿಯಲ್ಲೇ ಇತ್ತು. 2003ರಲ್ಲಿ ಡಿಎನ್‌ಎ ನೋಡಿದ ಮೇಲೆ ಅದು ಮಸ್ ಉಪಕುಲಕ್ಕೆ ಬಂತು.

ಪಳೆಯುಳಿಕೆಯಲ್ಲಿ ಕೂದಲೂ ಇಲ್ಲ, ಕ್ರೋಮೊಸೋಮೂ ಇಲ್ಲ. ಸಿಗುವುದು ಹೆಚ್ಚಾಗಿ ಬಿಡಿ ಹಲ್ಲು. ಬಾಯಲ್ಲಿ ಒಟ್ಟು 16 ಹಲ್ಲುಗಳಿದ್ದರೂ ಗುರುತಿಗೆ ಬರುವುದು ಮುಖ್ಯವಾಗಿ ಮೇಲ್ದವಡೆಯ ಮೊದಲನೇ ದವಡೆಹಲ್ಲು. ಮನೆಯಿಲಿಯಲ್ಲಿ ಅದರ ಉದ್ದ 2 ಮಿ.ಮೀ. ದಾಟುವುದಿಲ್ಲ. ಹಾಗಾಗಿ ಮಣ್ಣನ್ನು ಜರಡಿ ಹಿಡಿಯುವ ಹಂತದಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ. ಜೇಡಿಯನ್ನು ಮೊದಲು ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಹಸಿ ಉಳಿದರೆ ನೀರಿಗೆ ಹಾಕಿದಾಗ ಹೆಂಟೆ ಒಡೆಯುವುದಿಲ್ಲ. ಗಟ್ಟಿ ಜೇಡಿಗೆ ಸೀಮೆಎಣ್ಣೆ ಕುಡಿಸಿ ಆಮೇಲೆ ನೀರು ಹಾಕುತ್ತಾರೆ. ಜರಡಿಯ ಕಣ್ಣು ಅರ್ಧ ಮಿ.ಮೀ. ಆಗಿರಲಿ. 1 ಮಿ.ಮೀ. ಜರಡಿಯಲ್ಲಿ ಮೂರನೇ ದವಡೆಹಲ್ಲುಗಳು ಸೋರಿಹೋಗಿ, ಆ ಪದರದಲ್ಲಿ ದೊಡ್ಡ ಇಲಿಗಳಷ್ಟೇ ಇದ್ದವೆಂಬ ಸುಳ್ಳು ಚಿತ್ರ ಬರುತ್ತದೆ. ಉಳಿದ ಕಸವನ್ನು ಒಣಗಿಸಿ, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಹಲ್ಲು ಆರಿಸಬೇಕು. ಅಳೆಯುವಾಗ ಪ್ರತಿ ಹಲ್ಲೂ ಒಂದೇ ಮಟ್ಟದಲ್ಲಿ ಕೂರಬೇಕು. ಸ್ವಲ್ಪ ವಾಲಿದರೂ ಉದ್ದ ಕಡಿಮೆ ಬರುತ್ತದೆ, ಇಷ್ಟು ಸಣ್ಣ ಹಲ್ಲಿನಲ್ಲಿ ಆ ವ್ಯತ್ಯಾಸವೇ ಪ್ರಭೇದ ಬದಲಿಸಬಲ್ಲದು. ಸವೆದ ಹಲ್ಲನ್ನಂತೂ ಬದಿಗಿಡುವುದೇ ಒಳ್ಳೆಯದು: ಸವೆದಂತೆ ಗುಬುಟುಗಳು (ಹಲ್ಲಿನ ಮೇಲ್ಮೈಯ ಉಬ್ಬುಗಳು) ಒಂದಕ್ಕೊಂದು ಕೂಡಿಕೊಂಡು, ಇಲ್ಲದ ಸಂಬಂಧವನ್ನು ತೋರಿಸುತ್ತವೆ.

ಈ ಹಲ್ಲುಗಳ ಅತ್ಯುತ್ತಮ ಸರಣಿ ಸಿಕ್ಕಿರುವುದು ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿ. ಸುಮಾರು 1.4 ಕೋಟಿ ವರ್ಷ ಹಿಂದಿನ ಇಲಿ ಕುಲವಾದ ಆಂಟಿಮಸ್‌ನಲ್ಲಿ ನಾಲಿಗೆ ಬದಿಯ ಗುಬುಟುಗಳು ಮೂಡಿವೆ, ಆದರೆ ಅಡ್ಡಸಾಲಿಗೆ ಇನ್ನೂ ಸರಿಯಾಗಿ ಸೇರಿಲ್ಲ. ಅದರ ನಂತರದ ಪ್ರೊಗೊನೊಮಿಸ್ ಕುಲದಲ್ಲಿ ಸಾಲು ಕೂಡಿದೆ. ಮಿಯೊಸೀನ್ ಯುಗದ ಕೊನೆಗೆ, ಸುಮಾರು 60–65 ಲಕ್ಷ ವರ್ಷಗಳ ಹಿಂದೆ, ಮಸ್ ಆಕ್ಟರ್ ಬರುತ್ತದೆ. 1978ರಲ್ಲಿ ಪಳೆಯುಳಿಕೆ ವಿಜ್ಞಾನಿ ಲೂಯಿಸ್ ಜೇಕಬ್ಸ್ ಹೆಸರಿಸಿದ್ದು.

ಎಡವಟ್ಟಾಗಿದ್ದು ಅದೇ ಶಿವಾಲಿಕ್ ಪದರಗಳ ಕಾರ್ನಿಮಾತಾ ಎಂಬ ಇನ್ನೊಂದು ಪಳೆಯುಳಿಕೆ ಕುಲದ ವಿಷಯದಲ್ಲಿ. ಪ್ರೊಗೊನೊಮಿಸ್ ಮನೆಯಿಲಿಯ ಕಡೆ, ಕಾರ್ನಿಮಾತಾ ಹೆಗ್ಗಣದಂಥ ರ‍್ಯಾಟಸ್ ಕಡೆ ಎಂದು ಭಾವಿಸಿ, ಮಸ್–ರ‍್ಯಾಟಸ್ ಕವಲೊಡೆದದ್ದು ಸುಮಾರು 1.2 ಕೋಟಿ ವರ್ಷ ಹಿಂದೆ ಎಂದು ಲೆಕ್ಕ ಕಟ್ಟಲಾಯಿತು. ಡಿಎನ್‌ಎ ಗಡಿಯಾರಗಳನ್ನು (ಡಿಎನ್‌ಎ ವ್ಯತ್ಯಾಸದಿಂದ ಕವಲಿನ ಕಾಲ ಎಣಿಸುವ ಲೆಕ್ಕಗಳನ್ನು) ಹೊಂದಿಸಲು ಎಷ್ಟೋ ಪ್ರಬಂಧಗಳು ಇದನ್ನೇ ಎತ್ತಿಕೊಂಡವು. 2015ರಲ್ಲಿ ಕಿಮುರಾ ಮತ್ತು ಸಂಗಡಿಗರು ಹಲ್ಲುಗಳನ್ನು ಮತ್ತೆ ಪರಿಶೀಲಿಸಿದಾಗ ಕಾರ್ನಿಮಾತಾ ರ‍್ಯಾಟಸ್‌ನ ಕಡೆಯದಲ್ಲ, ಆಫ್ರಿಕಾದ ಹುಲ್ಲಿಲಿ ಆರ್ವಿಕ್ಯಾಂಥಿಸ್‌ನ ಬಳಗದ್ದು ಎಂದಾಯಿತು. ಅಲ್ಲಿಗೆ ಆ ಪಳೆಯುಳಿಕೆಗಳು ಸಾಕ್ಷಿ ಹೇಳುವುದು ಮಸ್–ಆರ್ವಿಕ್ಯಾಂಥಿಸ್ ಕವಲಿಗೆ: ಕನಿಷ್ಠ 1.11 ಕೋಟಿ ವರ್ಷ. ರ‍್ಯಾಟಸ್ ಬೇರೆಯಾದದ್ದು ಅದಕ್ಕೂ ಮೊದಲು. ಹಾಗಾಗಿ ಇಲಿಗಳ ಕಾಲನಿರ್ಣಯದ ಯಾವುದೇ ಪ್ರಬಂಧ ಕೈಗೆ ಬಂದರೆ, ಅಂಕಿಗಳನ್ನು ನಂಬುವ ಮೊದಲು ವಿಧಾನದ ಭಾಗ ತೆರೆದು, ಶಿವಾಲಿಕ್ ಹಲ್ಲುಗಳನ್ನು ಯಾವ ಕವಲಿಗೆ ಕಟ್ಟಿದ್ದಾರೆ ಎಂದು ನೋಡಿಕೊಳ್ಳಿ.