ಎರಡು ಮಹಾಲಕ್ಷ್ಮಿ, ಒಂದು ಎರರ್

ಮೂರು ದಿನ ಸ್ಟೇಟಾ ಎಂಬ ಅಂಕಿಅಂಶದ ಸಾಫ್ಟ್‌ವೇರ್ ನನಗೆ ಒಂದೇ ಮಾತು ಹೇಳುತ್ತಿತ್ತು. 'ರಿಪೀಟೆಡ್ ಟೈಮ್ ವ್ಯಾಲ್ಯೂಸ್ ವಿದಿನ್ ಪ್ಯಾನೆಲ್.' ಕೆಳಗೆ ಎರರ್ ನಂಬರ್, ಆರ್(451).

ನನ್ನ ಪಿಎಚ್‌ಡಿ ಕೆಲಸ ಮಲ್ಪೆ ಬಂದರಿನ ಬೋಟುಗಳ ಮೇಲೆ. 38 ಬೋಟು, 2021ರ ಆಗಸ್ಟ್‌ನಿಂದ 2024ರ ಮೇವರೆಗೆ ಮೂರು ಸೀಸನ್. ಜೂನ್, ಜುಲೈ ಸೇರಿ 61 ದಿನ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಸೀಸನ್‌ಗೆ ಹತ್ತೇ ತಿಂಗಳು. ಒಟ್ಟು 1,140 ಸಾಲು. ಒಂದೊಂದು ಸಾಲಿನಲ್ಲಿ ಒಂದು ಬೋಟಿನ ಒಂದು ತಿಂಗಳ ಡೀಸೆಲ್, ಟ್ರಿಪ್, ಮೀನಿನ ತೂಕ. ಎಲ್ಲವನ್ನೂ ಬೋಟಿನವರ ಲೆಕ್ಕದ ಪುಸ್ತಕ ನೋಡಿ ನಾನೇ ಕೂತು ಟೈಪ್ ಮಾಡಿದ್ದು.

ಮೊದಲು ಬಂದ ಎರರ್ ಬೇರೆ. ಬೋಟಿನ ಹೆಸರನ್ನೇ ಗುರುತಾಗಿ ಕೊಟ್ಟು, ಯಾವ ಸಾಲು ಯಾವ ಬೋಟಿನದು, ಯಾವ ತಿಂಗಳದು ಎಂದು ತಿಳಿಸುವ ಎಕ್ಸ್‌ಟಿಸೆಟ್ ಕಮಾಂಡ್ ಹೊಡೆದೆ. ಅಕ್ಷರ ನಡೆಯುವುದಿಲ್ಲ, ಸಂಖ್ಯೆ ಬೇಕು ಎಂದಿತು. ಹೆಸರಿಗೆ ಸಂಖ್ಯೆ ಕೊಡುವ ಎನ್‌ಕೋಡ್ ಮಾಡಿದೆ. ಆಗ ಶುರುವಾಯಿತು ಈ 451. ಒಂದೇ ಬೋಟಿಗೆ ಒಂದೇ ತಿಂಗಳು ಎರಡು ಸಲ ಬಂದಿದೆ ಎಂದು ಅದರ ಅರ್ಥ. ಆರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪಿಎಲ್‌ಎಂ ಪ್ಯಾಕೇಜ್ ಬಳಸುವವರಿಗೆ ಇದೇ ತೊಂದರೆ 'ಡೂಪ್ಲಿಕೇಟ್ ಕಪಲ್ಸ್' ಎಂಬ ಮಾತಿನಲ್ಲಿ ಕಾಣಿಸುತ್ತದೆ.

ಗೆಳತಿಯೊಬ್ಬಳು, 'ಡೂಪ್ಲಿಕೇಟ್ಸ್ ಡ್ರಾಪ್, ಕೊನೆಗೆ ಫೋರ್ಸ್ ಹಾಕು, ಮುಗೀತು' ಅಂದಳು. ಎರಡನೇ ಸಲ ಬಂದ ಸಾಲುಗಳನ್ನು ಅಳಿಸಿಹಾಕುವ ಕಮಾಂಡ್ ಅದು. ನನಗೆ ಕೈ ಬರಲಿಲ್ಲ. ಅಳಿಸುವ ಮೊದಲು ಡೂಪ್ಲಿಕೇಟ್ಸ್ ರಿಪೋರ್ಟ್ ನೋಡಿದೆ. 60 ಸಾಲು ಜೋಡಿ ಜೋಡಿಯಾಗಿವೆ, ಅದರಲ್ಲಿ 30 ಹೆಚ್ಚುವರಿ. ಮೂವತ್ತು ಅಂದರೆ ಸರಿಯಾಗಿ ಮೂರು ಸೀಸನ್! ಟೈಪ್ ಮಾಡುವಾಗ ಆದ ತಪ್ಪು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಪಟ್ಟಿ ತೆಗೆದರೆ ಮೂವತ್ತೂ ಒಂದೇ ಹೆಸರು: ಮಹಾಲಕ್ಷ್ಮಿ.

ಬಂದರಿನಲ್ಲಿ ಲೆಕ್ಕ ಬರೆಯುವ ಮಾವನಿಗೆ ಫೋನ್ ಮಾಡಿದೆ.

"ಮಾವ, ಮಹಾಲಕ್ಷ್ಮಿಯ ಲೆಕ್ಕ ನನ್ನ ಹತ್ತಿರ ಎರಡು ಸಲ ಬಂದಿದೆ."

"ಎರಡು ಸಲ ಅಲ್ಲ ಮಾರಾಯ್ತಿ, ಬೋಟೇ ಎರಡು. ಒಂದು ಪರ್ಸೀನು, ಒಂದು ಟ್ರಾಲು. ನೀನು ನಂಬರ್ ಬರ್ಕೊಳ್ಳಲಿಲ್ವಾ?"

ಪರ್ಸೀನ್ ಅಂದರೆ ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು, ಟ್ರಾಲ್ ಅಂದರೆ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಬೋಟು. ಉಚ್ಚಿಲದ ಮಹಾಲಕ್ಷ್ಮಿ ಕರಾವಳಿಯ ಮೀನುಗಾರರಾದ ಮೊಗವೀರರು ನಂಬಿಕೊಂಡು ಬಂದ ದೇವಿ. ಆ ಹೆಸರು ಒಂದೇ ಬೋಟಿಗೆ ಇರುತ್ತದೆ ಎಂದು ನಾನು ಅಂದುಕೊಳ್ಳಬಾರದಿತ್ತು. ಎನ್‌ಕೋಡ್ ಒಂದೇ ಹೆಸರಿಗೆ ಒಂದೇ ಸಂಖ್ಯೆ ಕೊಡುತ್ತದೆ, ಎರಡು ಬೋಟು ಒಂದಾಗಿಬಿಟ್ಟವು. ಫೋರ್ಸ್ ಹಾಕಿದ್ದರೆ ಒಂದು ಬೋಟಿನ ಮೂರು ವರ್ಷದ ದುಡಿಮೆ ಸದ್ದಿಲ್ಲದೆ ಹೋಗುತ್ತಿತ್ತು. ಮರುದಿನ ಬಂದರಿಗೆ ಹೋಗಿ 38 ಬೋಟುಗಳದ್ದೂ ನೋಂದಣಿ ಸಂಖ್ಯೆ ಬರೆದುಕೊಂಡು ಬಂದೆ. 451 ಹೋಯಿತು.

ಆದರೆ ಎರರ್ ಬಾರದ ತಪ್ಪೇ ಜಾಸ್ತಿ ಅಪಾಯ. ಹಿಂದಿನ ತಿಂಗಳ ಡೀಸೆಲ್ ಖರ್ಚನ್ನು ಲ್ಯಾಗ್ ಆಗಿ ಹಾಕಿ ಮಾಡೆಲ್ ಓಡಿಸಿದೆ. ಚೆನ್ನಾಗಿ ಓಡಿತು. ಮೇಲೆ ಮೂಲೆಯಲ್ಲಿ ಅಬ್ಸರ್ವೇಷನ್, ಅಂದರೆ ಲೆಕ್ಕಕ್ಕೆ ಸೇರಿದ ಸಾಲು, 912 ಎಂದಿತ್ತು. 228 ಸಾಲು ಎಲ್ಲಿ ಹೋದವು?

ನಾನು ತಿಂಗಳನ್ನು 202212, 202301 ಎಂದು ಬರೆದಿದ್ದೆ. ನಮಗೆ ಅದು ಡಿಸೆಂಬರ್, ಆಮೇಲೆ ಜನವರಿ. ಸ್ಟೇಟಾಕ್ಕೆ ಅದು ಸುಮ್ನೆ ಸಂಖ್ಯೆ, ನಡುವೆ 89ರ ಅಂತರ. ಹಾಗಾಗಿ ಪ್ರತಿ ಜನವರಿಯ ಲ್ಯಾಗ್ ಖಾಲಿ, ಲ್ಯಾಗ್ ಖಾಲಿ ಇರುವ ಸಾಲನ್ನು ಅದು ಬಿಟ್ಟುಬಿಡುತ್ತದೆ. ವರ್ಷ, ತಿಂಗಳು ಬೇರೆ ಮಾಡಿ ತಿಂಗಳುಗಳನ್ನು ಸಾಲಾಗಿ ಎಣಿಸುವ ವೈಎಂ ಫಂಕ್ಷನ್‌ಗೆ ಕೊಟ್ಟ ಮೇಲೆ 114 ಸಾಲು ವಾಪಸ್ ಬಂದವು. ಈಗ 1,026.

ಉಳಿದ 114 ಆಗಸ್ಟ್ ತಿಂಗಳವು. ಆಗಸ್ಟ್‌ನ ಹಿಂದಿನ ತಿಂಗಳು ಜುಲೈ, ಆಗ ಬೋಟು ದಡದಲ್ಲಿ. ತಿಂಗಳಿಗೆ 1ರಿಂದ 30ರವರೆಗೆ ನಂಬರ್ ಕೊಟ್ಟರೆ ಮೇ ಆದ ಕೂಡಲೇ ಆಗಸ್ಟ್ ಬರುತ್ತದೆ, ಮೊದಲ ಆಗಸ್ಟ್ ಬಿಟ್ಟು ಮಿಕ್ಕವು ಉಳಿಯುತ್ತವೆ. ಆಸೆಯಾಯಿತು. ಆದರೆ ಎರಡು ತಿಂಗಳು ಬಲೆ ಹೆಣೆದು, ಎಂಜಿನ್ ರಿಪೇರಿ ಮಾಡಿಸಿ ಕಡಲಿಗಿಳಿದ ಬೋಟಿಗೆ ಮೇ ತಿಂಗಳ ಡೀಸೆಲ್ ಲೆಕ್ಕ ಹೇಗೆ ನಿನ್ನೆಯ ಮಾತಾಗುತ್ತದೆ? ಆ 114 ಸಾಲು ಬಿಟ್ಟುಕೊಟ್ಟೆ. ಯಾಕೆ ಬಿಟ್ಟೆ ಎಂದು ಅಧ್ಯಾಯದಲ್ಲಿ ಬರೆದಿದ್ದೇನೆ.

ಕೊನೆಗೆ ಫಿಕ್ಸೆಡ್ ಎಫೆಕ್ಟ್ಸ್ ಓಡಿಸಿದಾಗ ಪರ್ಸೀನೋ ಟ್ರಾಲೋ ಎಂಬ ಕಾಲಮ್ಮಿನ ಎದುರು 'ಒಮಿಟೆಡ್', ಅಂದರೆ ಕೈಬಿಡಲಾಗಿದೆ ಎಂದು ಬಂತು. ಇದು ತಪ್ಪಲ್ಲ. ಈ ಮಾಡೆಲ್ ಪ್ರತಿ ಬೋಟಿನ ಲೆಕ್ಕದಿಂದ ಅದೇ ಬೋಟಿನ ಸರಾಸರಿಯನ್ನು ಕಳೆಯುತ್ತದೆ. ಮೂರು ವರ್ಷವೂ ಪರ್ಸೀನೇ ಆಗಿದ್ದ ಬೋಟಿನಲ್ಲಿ ಆ ಕಾಲಮ್ಮು ಎಲ್ಲ ತಿಂಗಳೂ 1, ಸರಾಸರಿಯೂ 1; ಒಂದರಿಂದ ಒಂದು ಕಳೆದರೆ ಉಳಿಯುವುದು ಸೊನ್ನೆ, ಅಲ್ವಾ? ನನಗೆ ಆ ವ್ಯತ್ಯಾಸ ಬೇಕೇ ಬೇಕು. ಅದಕ್ಕೆ ಅರ್ಥಶಾಸ್ತ್ರಜ್ಞ ಮುಂಡ್ಲಾಕ್ 1978ರಲ್ಲಿ ತೋರಿಸಿದ ದಾರಿ ಹಿಡಿದೆ: ಬೋಟು ಬೋಟುಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ರ್‍ಯಾಂಡಮ್ ಎಫೆಕ್ಟ್ಸ್ ಮಾಡೆಲ್‌ಗೆ ಪ್ರತಿ ಬೋಟಿನ ಡೀಸೆಲ್ ಸರಾಸರಿ, ಟ್ರಿಪ್ ಸರಾಸರಿಯನ್ನೂ ಸೇರಿಸುವುದು. ಈಗ ಎರಡು ಮಹಾಲಕ್ಷ್ಮಿಯರೂ ಒಂದೇ ಟೇಬಲ್ಲಿಗೆ ಲೆಕ್ಕ ಕೊಡುತ್ತಿದ್ದಾರೆ, ಒಬ್ಬಳು ಪರ್ಸೀನಿನ ಕಡೆಯಿಂದ, ಇನ್ನೊಬ್ಬಳು ಟ್ರಾಲಿನ ಕಡೆಯಿಂದ.